1.6 ಬಂದರೆ ಪಾಸಿಟಿವ್ ಅಲ್ವಾ?

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಹರ್ಪಿಸ್ ಅಂದ ಕೂಡಲೇ ನಮ್ಮಲ್ಲಿ ಎಷ್ಟೋ ಜನ ಸರ್ಪಸುತ್ತು ಅಂದುಕೊಳ್ಳುತ್ತಾರೆ. ಸರ್ಪಸುತ್ತು ಬರುವುದು ಸೀತಾಳೆ ಸಿಡುಬಿನ ವೈರಸ್‌ನಿಂದ. ನಾನು ಇವತ್ತು ಹೇಳುವುದು ಹರ್ಪಿಸ್ ಸಿಂಪ್ಲೆಕ್ಸ್ ಅನ್ನುವ ಬೇರೆ ವೈರಸ್ ಬಗ್ಗೆ, ಅದರ ರಕ್ತಪರೀಕ್ಷೆಯಲ್ಲಿ 1.6ರಂಥ ಸಂಖ್ಯೆ ಬಂದರೆ ಏನರ್ಥ ಅನ್ನೋದರ ಬಗ್ಗೆ. ಅದರಲ್ಲಿ ಎರಡು ಜಾತಿ. ಟೈಪ್ 1 ಹೆಚ್ಚಾಗಿ ತುಟಿಯ ಮೇಲೆ ಗುಳ್ಳೆ ಎಬ್ಬಿಸುತ್ತದೆ, ಆದರೆ ಜನನಾಂಗಕ್ಕೂ ಬರಬಹುದು. ಟೈಪ್ 2 ಸಾಮಾನ್ಯವಾಗಿ ಜನನಾಂಗದ್ದೇ.

ಇವೆರಡೂ ಅಣ್ಣತಮ್ಮಂದಿರ ಹಾಗೆ, ಮೈಮೇಲಿನ ಪ್ರೋಟೀನ್‌ಗಳು ಬಹುಪಾಲು ಒಂದೇ ಥರ. ಹಳೆಯ ಪರೀಕ್ಷೆಗಳಲ್ಲಿ ಇಡೀ ವೈರಸ್ಸನ್ನೇ ಅರೆದು ಹಾಕುತ್ತಿದ್ದರು, ಹಾಗಾಗಿ ತುಟಿ ಗುಳ್ಳೆಯವರಿಗೂ ಟೈಪ್ 2 ಇದೆ ಅಂತ ಬಂದುಬಿಡುತ್ತಿತ್ತು. ಗ್ಲೈಕೋಪ್ರೋಟೀನ್ ಜಿ ಅನ್ನುವ ಒಂದು ಪ್ರೋಟೀನ್ ಮಾತ್ರ ಎರಡರಲ್ಲೂ ಬೇರೆ ಬೇರೆ. ಈಗಿನ ಒಳ್ಳೆಯ ಎಲೈಸಾ ಪರೀಕ್ಷೆಗಳು ಅದನ್ನೇ ಹಿಡಿದುಕೊಂಡಿವೆ.

ಎಲೈಸಾ ಅಂದರೆ 96 ಗುಳಿಗಳ ಒಂದು ಪ್ಲಾಸ್ಟಿಕ್ ತಟ್ಟೆ. ನಿಮ್ಮ ಸೀರಮ್, ಅಂದರೆ ರಕ್ತದ ತಿಳಿ ಭಾಗ, ಒಂದು ಗುಳಿಯೊಳಗೆ ಬೀಳುತ್ತದೆ, ಅದರಲ್ಲಿ ವೈರಸ್ ವಿರುದ್ಧ ಮೈ ತಯಾರಿಸಿದ ಆ್ಯಂಟಿಬಾಡಿ ಇದ್ದರೆ ಬಣ್ಣ ನೀಲಿ ತಿರುಗುತ್ತದೆ, ಕೊನೆಗೆ ಆಸಿಡ್ ಹಾಕಿದಾಗ ಹಳದಿ. ಯಂತ್ರ ಆ ಬಣ್ಣ ಎಷ್ಟು ಗಾಢ ಅಂತ ಅಳೆದು, ಮೊದಲೇ ಇಟ್ಟ ಒಂದು ಗೆರೆಗೆ ಹೋಲಿಸಿ ಒಂದು ಸಂಖ್ಯೆ ಕೊಡುತ್ತದೆ. ಅದೇ ಇಂಡೆಕ್ಸ್. ಹರ್ಪಿಸೆಲೆಕ್ಟ್ ಅನ್ನುವ ಕಿಟ್‌ನಲ್ಲಿ 0.9ಕ್ಕಿಂತ ಕೆಳಗೆ ನೆಗೆಟಿವ್, 1.1 ದಾಟಿದರೆ ಪಾಸಿಟಿವ್.

ಈಗ 1.6 ಬಂತು ಅಂದುಕೊಳ್ಳಿ. ರಿಪೋರ್ಟ್‌ನಲ್ಲಿ ದಪ್ಪ ಅಕ್ಷರದಲ್ಲಿ ಪಾಸಿಟಿವ್ ಅಂತಲೇ ಇರುತ್ತದೆ. ಮನೆಯಲ್ಲಿ ಗಂಡ ಹೆಂಡತಿ ನಡುವೆ ಮಾತು ನಿಂತುಹೋಗುತ್ತದೆ. ಆದರೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಮಾರ್ಗಸೂಚಿಯಲ್ಲಿ, ಇಂಡೆಕ್ಸ್ 3ಕ್ಕಿಂತ ಕಮ್ಮಿ ಇದ್ದರೆ ಬೇರೆ ವಿಧಾನದ ಎರಡನೇ ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳಿ ಅಂತ ಸ್ಪಷ್ಟವಾಗಿ ಹೇಳಿದೆ. ಆ ಎರಡನೇ ಪರೀಕ್ಷೆಗಳಲ್ಲಿ ಎಲ್ಲರೂ ನಂಬುವುದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೆಸ್ಟರ್ನ್ ಬ್ಲಾಟ್. ಅದು ಒಂದೇ ಪ್ರೋಟೀನ್ ನೋಡುವುದಿಲ್ಲ, ವೈರಸ್‌ನ ಪ್ರೋಟೀನ್‌ಗಳನ್ನು ಬಿಡಿಬಿಡಿಯಾಗಿ ಹರಡಿದ ಪಟ್ಟಿಯ ಮೇಲೆ ಬರುವ ಗೆರೆಗಳನ್ನೆಲ್ಲ ಓದುತ್ತದೆ.

ಸುಳ್ಳು ಪಾಸಿಟಿವ್ ಎಷ್ಟು ಬರಬಹುದು ಅನ್ನೋದಕ್ಕೆ ಒಂದು ಲೆಕ್ಕ ಹಾಕೋಣ. ಟೈಪ್ 2 ಸೋಂಕು 16 ಶೇಕಡಾ ಇರುವ ಕಡೆ 1000 ಜನರನ್ನು ಪರೀಕ್ಷಿಸಿದ್ದೀರಿ. ನಿಜವಾದ ಸೋಂಕಿತರಲ್ಲಿ 99 ಶೇಕಡಾ ಮಂದಿಯನ್ನು ಕಿಟ್ ಹಿಡಿಯುತ್ತದೆ, ಸೋಂಕಿಲ್ಲದವರಲ್ಲಿ 81 ಶೇಕಡಾ ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಅಂತಿಟ್ಟುಕೊಳ್ಳಿ. ನಿಜ ಪಾಸಿಟಿವ್ 158. ಸುಳ್ಳು ಪಾಸಿಟಿವ್ 160! ನಾಣ್ಯ ಚಿಮ್ಮಿದ ಹಾಗೆಯೇ ಅಲ್ವಾ? ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ ಅನ್ನುವ ತಜ್ಞರ ಸಮಿತಿ 2016ರಲ್ಲೂ, ಮತ್ತೆ 2023ರಲ್ಲೂ ಲಕ್ಷಣ ಇಲ್ಲದವರಿಗೆ ಸುಮ್ನೆ ಈ ಪರೀಕ್ಷೆ ಮಾಡಬೇಡಿ ಅಂದಿದ್ದಕ್ಕೆ ಇದೂ ಒಂದು ಕಾರಣ.

ನೆಗೆಟಿವ್ ಕೂಡ ಕೆಲವೊಮ್ಮೆ ಮೋಸ ಮಾಡುತ್ತದೆ. ಸೋಂಕು ತಗುಲಿ ಆ್ಯಂಟಿಬಾಡಿ ಕಾಣಿಸಿಕೊಳ್ಳಲು 12 ವಾರದವರೆಗೂ ಹಿಡಿಯಬಹುದು. ಹೋದ ವಾರದ ಭಯಕ್ಕೆ ಈ ವಾರ ರಕ್ತ ಕೊಟ್ಟರೆ ಏನೂ ಗೊತ್ತಾಗಲ್ಲ.

ಇನ್ನು ಐಜಿಎಂ, ಅಂದರೆ ಸೋಂಕಿನ ಶುರುವಿನಲ್ಲಿ ಮೊದಲು ಬರುವ ಬಗೆಯ ಆ್ಯಂಟಿಬಾಡಿ. ನಮ್ಮ ಲ್ಯಾಬ್‌ಗಳಲ್ಲಿ ಟಾರ್ಚ್ ಪ್ಯಾನೆಲ್ ಅಂತ, ಗರ್ಭಕ್ಕೆ ತೊಂದರೆ ಕೊಡಬಹುದಾದ ಸೋಂಕುಗಳ ಪರೀಕ್ಷೆಗಳ ಒಂದು ಗುಂಪನ್ನು, ಬಸುರಿಯರಿಗೆ, ಗರ್ಭ ನಿಲ್ಲದವರಿಗೆ ಬರೆದುಕೊಡುವುದುಂಟು, ಅದರಲ್ಲಿ ಹರ್ಪಿಸ್ ಐಜಿಎಂ ಕೂಡ ಇರುತ್ತದೆ. ಅದು ಟೈಪ್ ಯಾವುದು ಅಂತ ಹೇಳಲ್ಲ, ಹಳೆಯ ಸೋಂಕು ಮರುಕಳಿಸಿದಾಗಲೂ ಪಾಸಿಟಿವ್ ಬರಬಹುದು. ದುಡ್ಡು ದಂಡ, ತಲೆನೋವು ಜಾಸ್ತಿ ಅಂತಲೇ ನನ್ನ ಅಭಿಪ್ರಾಯ.

ಗುಳ್ಳೆ, ಹುಣ್ಣು ಇದ್ದರೆ ರಕ್ತದ ಕಡೆ ಹೋಗಲೇಬೇಡಿ. ಹುಣ್ಣಿನಿಂದ ಸ್ವಾಬ್ ತೆಗೆದು ಪಿಸಿಆರ್ ಮಾಡಿಸಿ, ವೈರಸ್ಸೇ ಸಿಗುತ್ತದೆ, ಟೈಪೂ ಗೊತ್ತಾಗುತ್ತದೆ. ನಾಚಿಕೊಂಡು ತಡಮಾಡಬೇಡಿ, ಒಣಗಿ ಹಕ್ಕಳೆ ಕಟ್ಟಿದ ಮೇಲೆ ಸ್ವಾಬ್‌ನಲ್ಲೂ ಸಿಗುವುದು ಕಷ್ಟ.