ಪವಾಡದ ಮುಂದಿನ ಪುಟ

ಹಿರಿಯರೇ, ಗಮಕಿಗಳೇ, ಸ್ನೇಹಿತರೇ,

ಕುಮಾರವ್ಯಾಸನು ಭಾರತವನ್ನು ಬರೆದನೆಂದು ಜನ ಹೇಳುವ ವೀರನಾರಾಯಣ ಗುಡಿಯ ಈ ಗದಗಿನಲ್ಲಿ ನಿಂತು, ದೇವರನ್ನು ನಂಬದ ನಾನು ಪುರಾಣಕತೆಗಳನ್ನು ಹೇಗೆ ಓದುತ್ತೇನೆಂದು ಹೇಳಲು ನೀವು ಅವಕಾಶ ಕೊಟ್ಟಿದ್ದೀರಿ. ನಂಬದವರಲ್ಲಿ ಕೆಲವರು ಪವಾಡ ಬಂದ ಕೂಡಲೇ ಕಟ್ಟುಕತೆಯೆಂದು ಪುಸ್ತಕ ಮುಚ್ಚುತ್ತಾರೆ. ಇನ್ನು ಕೆಲವರು ಬ್ರಹ್ಮಾಸ್ತ್ರವನ್ನು ಅಣುಬಾಂಬೆಂದು ಸಾಧಿಸಲು ಹೊರಡುತ್ತಾರೆ. ಇವರು ನಂಬದವರೋ, ಅತಿಯಾಗಿ ನಂಬಿದವರೋ ಎಂಬುದು ನನಗೆ ಬಗೆಹರಿದಿಲ್ಲ. ಇಬ್ಬರೂ ಪವಾಡದ ಹತ್ತಿರವೇ ನಿಂತುಬಿಡುತ್ತಾರೆ. ನನಗೆ ಅದರ ಮುಂದಿನ ಪುಟ ಮುಖ್ಯ.

ದ್ಯೂತಸಭೆಯನ್ನೇ ನೋಡೋಣ. ತನ್ನನ್ನು ತಾನೇ ಸೋತ ಮೇಲೆ ನನ್ನನ್ನು ಪಣಕ್ಕಿಡುವ ಹಕ್ಕು ಧರ್ಮರಾಯನಿಗಿತ್ತೇ ಎಂದು ದ್ರೌಪದಿ ಕೇಳುತ್ತಾಳೆ. ಧರ್ಮದ ಗತಿ ಸೂಕ್ಷ್ಮವೆಂದು ಭೀಷ್ಮ ಜಾರಿಕೊಳ್ಳುತ್ತಾನೆ. ವಿಕರ್ಣನೊಬ್ಬ ಅವಳ ಪರವಾಗಿ ಮಾತಾಡಿದರೆ ಕರ್ಣ ಅವನ ಬಾಯಿ ಮುಚ್ಚಿಸುತ್ತಾನೆ. ಆಮೇಲೆ ಸೀರೆಯ ಪವಾಡ. ಪುಣೆಯ ಭಂಡಾರಕರ ಸಂಸ್ಥೆ 1919ರಲ್ಲಿ ಕೈಗೆತ್ತಿಕೊಂಡು 1966ರಲ್ಲಿ ಮುಗಿಸಿದ, ಹಲವು ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಮಹಾಭಾರತದ ಪರಿಷ್ಕೃತ ಆವೃತ್ತಿಯಲ್ಲಿ, ದ್ರೌಪದಿ ಕೃಷ್ಣನಿಗೆ ಮೊರೆಯಿಡುವ ಶ್ಲೋಕಗಳು ನಂತರ ಸೇರಿದವೆಂದು ಮೂಲಪಾಠದಿಂದ ಹೊರಗುಳಿದಿವೆ. ಅಲ್ಲಿ ಸೆಳೆದಂತೆಲ್ಲ ಬಟ್ಟೆ ಸುಮ್ಮನೆ ಹುಟ್ಟುತ್ತಲೇ ಹೋಗುತ್ತದೆ. ತನ್ನ ಕಾವ್ಯವನ್ನು ಕೃಷ್ಣಕಥೆಯೆಂದೇ ಕರೆದ ಕುಮಾರವ್ಯಾಸನಿಗೆ ಅಷ್ಟು ಸಾಲದು. ಅವನು ಆ ಮೊರೆಯನ್ನು ಪದ್ಯದಿಂದ ಪದ್ಯಕ್ಕೆ ಬೆಳೆಸುತ್ತಾನೆ, ಮತ್ತು ಗಮಕಿಗಳು ಅದನ್ನು ವಾಚಿಸುವಾಗ ನಂಬದ ನನ್ನ ಕಣ್ಣೂ ಒದ್ದೆಯಾಗುತ್ತವೆ, ಏಕೆಂದರೆ ಗಂಡಂದಿರೂ ಗುರುಗಳೂ ಕೈಬಿಟ್ಟ ಹೆಂಗಸೊಬ್ಬಳ ಕೂಗು ಅದು. ಕೇಳುವವನಿದ್ದಾನೋ ಇಲ್ಲವೋ ಎಂಬ ತರ್ಕ ಅದರ ಸಂಕಟವನ್ನು ಕಡಿಮೆ ಮಾಡುವುದಿಲ್ಲ.

ಆದರೆ ಪವಾಡ ಮುಗಿದರೂ ವ್ಯಾಸಭಾರತದ ಆ ಸಭೆ ಮುಗಿಯುವುದಿಲ್ಲ. ಪ್ರಶ್ನೆ ಹಾಗೆಯೇ ಉಳಿದಿರುತ್ತದೆ, ವಿದುರ ಉತ್ತರ ಕೊಡಿರೆಂದು ಅಂಗಲಾಚುತ್ತಾನೆ, ಯಾರೂ ಕೊಡುವುದಿಲ್ಲ. ಕೊನೆಗೆ ಅಗ್ನಿಹೋತ್ರದ ಮನೆಯಲ್ಲಿ ನರಿ ಊಳಿಟ್ಟಾಗ ಧೃತರಾಷ್ಟ್ರ ಅಪಶಕುನಕ್ಕೆ ಬೆದರಿ ವರ ಕೊಡುತ್ತಾನೆ. ಎರಡು ವರಗಳಲ್ಲಿ ಗಂಡಂದಿರನ್ನು ಬಿಡಿಸಿಕೊಂಡು ಮೂರನೆಯದನ್ನು ಅವಳು ಬೇಡವೆನ್ನುತ್ತಾಳೆ. ಬಿಡುಗಡೆ ಸಿಕ್ಕಿತು, ನ್ಯಾಯತೀರ್ಪು ಸಿಗಲಿಲ್ಲ. ಸೀರೆಯ ರಾಶಿಯನ್ನಷ್ಟೇ ನೆನಪಿಟ್ಟವರಿಗೆ ಇದು ಕಾಣುವುದಿಲ್ಲ.

ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಅಬಲೂರಿನಲ್ಲೂ ಇಂಥದೊಂದು ಕತೆ ಇದೆ, ಅದೂ ಕಲ್ಲಿನ ಮೇಲೆ. ಅಲ್ಲಿನ ಸೋಮೇಶ್ವರ ಗುಡಿಯ ಶಾಸನದ ಪ್ರಕಾರ ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ, ತಲೆ ಕತ್ತರಿಸಿಕೊಂಡು ಶಿವನಿಗೊಪ್ಪಿಸಿ, ಏಳು ದಿನಗಳ ಮೇಲೆ ಮರಳಿ ಪಡೆದ. ತಲೆ ಮರಳಿ ಕೂಡಿತೆಂದು ನಾನು ನಂಬುವುದಿಲ್ಲ. ಆದರೆ ಶಾಸನದ ಉಳಿದ ಭಾಗ ಎಷ್ಟು ಲೌಕಿಕವಾಗಿದೆ ನೋಡಿ: ಪಂಥಕ್ಕೆ ಮೊದಲು ಓಲೆಯಲ್ಲಿ ಕರಾರು ಬರೆಸಿಕೊಳ್ಳಲಾಗಿದೆ, ಪವಾಡವನ್ನು ಕಂಡೂ ಎದುರಾಳಿಗಳು ಒಪ್ಪಿಲ್ಲ, ಜಿನಮೂರ್ತಿ ಒಡೆದಿದೆ, ದೂರು ಅರಸ ಬಿಜ್ಜಳನ ಬಳಿಗೆ ಹೋಗಿದೆ, ಅವನು ರಾಮಯ್ಯನಿಗೆ ಜಯಪತ್ರ ಕೊಟ್ಟಿದ್ದಾನೆ. ಪವಾಡ ನಡೆದಿದ್ದರೂ ಜಗಳ ತೀರಲು ಅರಸನ ಪತ್ರವೇ ಬೇಕಾಯಿತು! ಎರಡು ಮತಗಳ ನಡುವಿನ ಆ ಕಾಲದ ಕಹಿಯನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಇನ್ನೆಲ್ಲಿ ಸಿಗಬೇಕು?

ಇನ್ನು, ನಂಬದವನು ಈ ಗ್ರಂಥಗಳಿಗೆ ಹೊರಗಿನವನೆಂಬ ಮಾತು. ವನಪರ್ವದಲ್ಲಿ ದ್ರೌಪದಿಯೇ ಸೃಷ್ಟಿಕರ್ತನನ್ನು ಮರದ ಗೊಂಬೆ ಕುಣಿಸುವವನಿಗೆ ಹೋಲಿಸಿ ನಿಂದಿಸುತ್ತಾಳೆ. ಮಾಡಿದ ಪಾಪ ಮಾಡಿದವನಿಗೆ ತಟ್ಟದಿದ್ದರೆ ಇಲ್ಲಿ ಬಲವೊಂದೇ ಕಾರಣ, ಬಲವಿಲ್ಲದವರಿಗಾಗಿ ಮರುಗುತ್ತೇನೆ ಎನ್ನುತ್ತಾಳೆ. ಇದು ನಾಸ್ತಿಕರ ಮಾತೆಂದು ಧರ್ಮರಾಯ ಗದರಿಸುತ್ತಾನೆ. ಕವಿ ಅವಳ ಮಾತನ್ನು ಅಳಿಸದೆ ಇಟ್ಟಿದ್ದಾನೆ. ತಾನು ಧರ್ಮವನ್ನು ಹಳಿಯುತ್ತಿಲ್ಲ, ನೊಂದು ಹಲುಬುತ್ತಿದ್ದೇನೆ ಎಂದು ಅವಳು ತುಸು ತಗ್ಗುತ್ತಾಳೆ, ಆದರೆ ಸುಮ್ಮನಾಗುವುದಿಲ್ಲ. ದೈವಕ್ಕೆ ಬಿಟ್ಟು ಕೂರುವುದು ಬೇಡವೆಂದು ವಾದಿಸಲು ಒಕ್ಕಲಿಗನನ್ನು ಕರೆತರುತ್ತಾಳೆ. ಉತ್ತು ಬಿತ್ತುವುದು ಅವನ ಕೆಲಸ, ಮುಂದಿನದು ಮಳೆಯದು. ಮಳೆ ಕೈಕೊಟ್ಟರೆ ತಪ್ಪು ಅವನದಲ್ಲ. ಹಿಂಗಾರಿ ಮಳೆಯನ್ನು ನಂಬಿ ಎರೆಹೊಲದಲ್ಲಿ ಕಡಲೆ, ಬಿಳಿಜೋಳ ಬಿತ್ತುವ ಈ ಸೀಮೆಯಲ್ಲಿ, ಆಸ್ತಿಕನಿಗಾಗಲಿ ನಾಸ್ತಿಕನಿಗಾಗಲಿ ಆ ವಾದಕ್ಕೆ ವ್ಯಾಖ್ಯಾನ ಬೇಕಾಗದು.