ಯುದ್ಧ ಮುಗಿದ ಮೇಲೆ ಶುರುವಾಗೋ ಗಾಯ: ಡ್ವಾರ್ಫ್ ಫೋರ್ಟ್ರೆಸ್‌ನ ದೇಹಗಳು

ಎಲ್ಲರಿಗೂ ನಮಸ್ಕಾರ.

ಒಬ್ಬ ಗಾಬ್ಲಿನ್ ಕೊಡಲಿ ಬೀಸ್ತಾನೆ. ಏಟು ನಮ್ಮ ಸೈನಿಕನ ಎಡಗಾಲಿಗೆ ಬೀಳತ್ತೆ. ಬೇರೆ ಆಟ ಆಗಿದ್ರೆ ಸ್ಕ್ರೀನಿನ ಮೂಲೆಯ ಕೆಂಪು ಪಟ್ಟಿ ಸ್ವಲ್ಪ ಕುಗ್ಗತ್ತೆ, ನೂರು ಇದ್ದದ್ದು ಎಂಬತ್ತಾಗತ್ತೆ, ಆಟ ಮುಂದಕ್ಕೆ ಹೋಗತ್ತೆ. ಡ್ವಾರ್ಫ್ ಫೋರ್ಟ್ರೆಸ್, ಅಂದ್ರೆ ಡ್ವಾರ್ಫ್ ಅನ್ನೋ ಕುಳ್ಳರ ಕೋಟೆ ಕಟ್ಟಿ ನಡೆಸೋ ಕಂಪ್ಯೂಟರ್ ಆಟ, ಅದರಲ್ಲಿ ಆ ಏಟು ಮೊದಲು ಕವಚ ದಾಟಬೇಕು. ಆಮೇಲೆ ಚರ್ಮ, ಅದರಡಿಯ ಕೊಬ್ಬು, ಸ್ನಾಯು, ಕೊನೆಗೆ ಮೂಳೆ. ಒಂದೊಂದು ಪದರವೂ ಒಂದೊಂದು ವಸ್ತು. ಎಷ್ಟು ಬಲಕ್ಕೆ ಬಗ್ಗತ್ತೆ, ಎಷ್ಟಕ್ಕೆ ಮುರಿಯತ್ತೆ, ಎಷ್ಟಕ್ಕೆ ಸೀಳತ್ತೆ ಅನ್ನೋ ಲೆಕ್ಕ ಒಂದೊಂದಕ್ಕೂ ಬೇರೆ. ದಾರಿಯಲ್ಲಿ ರಕ್ತನಾಳ ಸಿಕ್ಕಿದ್ರೆ ರಕ್ತ ಚಿಮ್ಮತ್ತೆ, ಸ್ನಾಯುವಿನ ಕಟ್ಟು ಹರಿದ್ರೆ ಕಾಲು ನಿಲ್ಲಲ್ಲ, ನರ ತುಂಡಾದ್ರೆ ಇನ್ನೊಂದು ಕಥೆ.

ಈ ಆಟದ ಗಾಯಗಳ ಬಗ್ಗೆ ಇಂಟರ್ನೆಟ್‌ನಲ್ಲಿ ಮಾತು ಕಡಿಮೆ ಏನಿಲ್ಲ. ಆದರೆ ಮಾತೆಲ್ಲ ಒಂದೊಂದು ಏಟನ್ನೂ ಆಟ ಬರೆದು ತೋರಿಸೋ ಯುದ್ಧದ ವರದಿಗಳ ಸುತ್ತಲೇ ಸುತ್ತತ್ತೆ. ಹಲ್ಲು ಹಾರಿತು, ಕಿವಿ ಹಾರಿತು, ಕಿರುಬೆರಳು ತುಂಡಾಗಿ ಎಲ್ಲೋ ಹೋಗಿ ಬಿತ್ತು, ಅದನ್ನ ಓದಿ ನಗೋದು. ನನಗೆ ಇದು ಬೇಸರ ತರಿಸತ್ತೆ. ಯಾಕಂದ್ರೆ ಈ ಆಟದ ನಿಜವಾದ ಸಾಧನೆ ಇರೋದು ರಕ್ತ ಚಿಮ್ಮಿದ ಮೇಲೆ. ಗಾಯ ಆದ ಜೀವಿ ಮರುದಿನ ಹೇಗೆ ನಡೀತು, ಯಾರು ಅದಕ್ಕೆ ನೀರು ತಂದುಕೊಟ್ರು, ಎರಡು ವರ್ಷ ಆದ್ಮೇಲೆ ಅದು ಎಲ್ಲಿದೆ, ಇದನ್ನೆಲ್ಲ ಲೆಕ್ಕ ಇಡೋ ಆಟಗಳು ಬಹಳ ಕಡಿಮೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಆ ಕೆಂಪು ಪಟ್ಟಿ, ಅಂದ್ರೆ ಹೆಲ್ತ್ ಬಾರ್, ಅದರ ಹಿಂದಿರೋ ಜೀವದ ಅಂಕ, ಅಂದ್ರೆ ಹಿಟ್ ಪಾಯಿಂಟ್, ಇವೆಲ್ಲ ಬಂದಿದ್ದು ಎಲ್ಲಿಂದ? 1974ರಲ್ಲಿ ಪ್ರಕಟವಾದ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡೋ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಅದು ಎಲ್ಲ ಕಡೆ ಹಬ್ಬಿತು. ಅದನ್ನ ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಡೇವ್ ಆರ್ನೆಸನ್ ಈ ಪದ್ಧತಿಯನ್ನ ತಗೊಂಡಿದ್ದು ನೌಕಾಯುದ್ಧದ ಆಟಗಳಿಂದ. ಅಂದ್ರೆ ಇದು ಹಡಗಿನ ಲೆಕ್ಕ. ಇಷ್ಟು ಗುಂಡು ಬಿದ್ದರೆ ಮುಳುಗತ್ತೆ, ಅಲ್ಲಿವರೆಗೂ ತೇಲತ್ತೆ. ಆ ಲೆಕ್ಕವನ್ನ ದೇಹದ ಮೇಲೆ ಕೂರಿಸಿದಾಗ ಏನಾಯ್ತು ಅಂದ್ರೆ, ನೂರು ಅಂಕ ಇರೋ ವೀರನೂ ಒಂದೇ ಅಂಕ ಉಳಿದಿರೋ ವೀರನೂ ಒಂದೇ ವೇಗದಲ್ಲಿ ಓಡ್ತಾರೆ, ಒಂದೇ ಬಲದಲ್ಲಿ ಕತ್ತಿ ಬೀಸ್ತಾರೆ. ನೋವು ಅನ್ನೋದೇ ಇಲ್ಲ. ಆಡೋಕೆ ಸುಲಭ, ಒಪ್ತೀನಿ. ಆದರೆ ಐವತ್ತು ವರ್ಷ ಆದ್ರೂ ಬಹುತೇಕ ಆಟಗಳು ಅದನ್ನ ಬಿಟ್ಟು ಬೇರೆ ಯೋಚನೆಯನ್ನೇ ಮಾಡದೆ ಇರೋದು ಸರಿ ಅನ್ಸಲ್ಲ.

ಡ್ವಾರ್ಫ್ ಫೋರ್ಟ್ರೆಸ್ ಮಾಡಿದ್ದು ಅಮೆರಿಕದ ಇಬ್ಬರು ಅಣ್ಣತಮ್ಮಂದಿರು, ಝ್ಯಾಕ್ ಆಡಮ್ಸ್ ಮತ್ತು ಟಾರ್ನ್ ಆಡಮ್ಸ್. ಕೋಡ್ ಬರೆಯೋದು ಟಾರ್ನ್, ಸ್ಟ್ಯಾನ್‌ಫರ್ಡ್‌ನಲ್ಲಿ ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು. 2006ರ ಆಗಸ್ಟ್‌ನಲ್ಲಿ ಆಟ ಮೊದಲ ಸಲ ಜನರ ಕೈಗೆ ಬಂತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು 2010ರ ಏಪ್ರಿಲ್‌ನಲ್ಲಿ ಬಂದ ಆವೃತ್ತಿ. ನಾನು ಹೇಳಿದ ಈ ಪದರಗಳು, ನರಗಳು, ವಸ್ತುಗಳ ಲೆಕ್ಕ ಎಲ್ಲ ಬಂದಿದ್ದು ಅದರಲ್ಲಿ. ಅದೇ ಆವೃತ್ತಿಯಲ್ಲಿ ಆಸ್ಪತ್ರೆಯೂ ಬಂತು. ಇದನ್ನ ಗಮನಿಸಿ. ಗಾಯವನ್ನ ಇಷ್ಟು ವಿವರವಾಗಿ ಮಾಡಿದವರು, ಅದನ್ನ ನೋಡಿಕೊಳ್ಳೋ ವೈದ್ಯರನ್ನೂ ಜೊತೆಗೇ ಕೊಟ್ಟರು.

ಮೊದಲು ಯುದ್ಧದ ಬಗ್ಗೆ ಒಂದೆರಡು ಮಾತು, ಯಾಕಂದ್ರೆ ಇಲ್ಲಿ ಸಾವು ಬರೋ ರೀತಿ ಅರ್ಥ ಆಗಬೇಕು. ಮೊದಲ ಏಟಿಗೇ ಯಾರೂ ಸಾಯಬೇಕಾಗಿಲ್ಲ. ಕಾಲಿಗೆ ಪೆಟ್ಟಾಗತ್ತೆ, ನೆಲಕ್ಕೆ ಬೀಳ್ತಾನೆ. ನೋವು ತಡೆಯೋಕಾಗದೆ ಪ್ರಜ್ಞೆ ತಪ್ಪತ್ತೆ. ಪ್ರಜ್ಞೆ ಇಲ್ಲದವನ ತಲೆಗೆ ಮುಂದಿನ ಏಟು. ಕೊಂದಿದ್ದು ತಲೆಯ ಏಟು ಅಂತ ವರದಿ ಹೇಳತ್ತೆ, ಆದರೆ ಅವನ ಹಣೆಬರಹ ಬರೆದಿದ್ದು ಕಾಲಿನ ಗಾಯ. ಹೊಟ್ಟೆಗೆ ತಿವಿದರೆ ವಾಂತಿ ಮಾಡ್ತಾ ಒದ್ದಾಡ್ತಾರೆ. ಎರಡು ಶ್ವಾಸಕೋಶವೂ ಹೋದ್ರೆ ಉಸಿರು ಕಟ್ಟಿ ಸಾಯ್ತಾರೆ. ಆಯುಧಕ್ಕೂ ಅದರದ್ದೇ ಗುಣ. ಅಡಮಂಟೈನ್ ಅನ್ನೋ ಅಪರೂಪದ ಲೋಹದ ಕತ್ತಿ ಎಂಥದ್ದನ್ನೂ ಸೀಳತ್ತೆ, ಆದರೆ ಅದೇ ಲೋಹದ ಸುತ್ತಿಗೆ ಕೆಲಸಕ್ಕೆ ಬರಲ್ಲ, ಯಾಕಂದ್ರೆ ಅದಕ್ಕೆ ತೂಕವೇ ಇಲ್ಲ. ಬೆಳ್ಳಿಯ ಸುತ್ತಿಗೆ ಭಾರ, ಹಾಗಾಗಿ ಕವಚದ ಮೇಲಿಂದಲೇ ಒಳಗಿನ ಮೂಳೆ ಮುರಿಯತ್ತೆ.

ಇದೇ ಲೆಕ್ಕವನ್ನ ಆಟದಲ್ಲಿ ಬರೋ ಕಂಚಿನ ಕೊಲೊಸಸ್, ಅಂದ್ರೆ ಜೀವ ಇರೋ ದೈತ್ಯ ಪ್ರತಿಮೆಯ ಮೇಲೆ ಹಾಕಿ ನೋಡಿ. ಮೈಯೆಲ್ಲ ಒಂದೇ ಲೋಹ. ರಕ್ತ ಇಲ್ಲ, ಕರುಳಿಲ್ಲ, ನೋವಿಲ್ಲ, ಉಸಿರಾಟವೂ ಇಲ್ಲ. ನಮ್ಮ ಸೈನಿಕರು ಬೇರೆಯವರನ್ನ ಕೆಡವೋಕೆ ನಂಬಿಕೊಂಡ ದಾರಿಗಳೆಲ್ಲ ಮುಚ್ಚಿಹೋದವು. ಅದನ್ನ ಬಲಿಷ್ಠ ಮಾಡೋಕೆ ದೊಡ್ಡ ಅಂಕ ಕೊಡಬೇಕಾಗೇ ಇಲ್ಲ. ದೇಹ ಎಂಥದ್ದು ಅಂತ ಹೇಳಿದ್ರೆ ಸಾಕು, ಭಯ ತಾನಾಗೇ ಹುಟ್ಟತ್ತೆ. ಸತ್ತವರನ್ನ ಎಬ್ಬಿಸೋ ಮಾಂತ್ರಿಕರು 2012ರಲ್ಲಿ ಬಂದರು. ಅವರ ಜೊತೆ ಹೋರಾಡುವಾಗ, ಕತ್ತರಿಸಿಬಿದ್ದ ಕೈ ಎದ್ದು ಬಂದು ತನ್ನ ಒಡೆಯನ ಗೆಳೆಯರ ಮೇಲೇ ಬೀಳಬಹುದು. ಗಾಯದ ಮೇಲೆ ಬರೆ ಅಂದ್ರೆ ಇದೇ.

ಈಗ ಆಸ್ಪತ್ರೆಗೆ ಬರೋಣ, ನಾನು ನಿಧಾನವಾಗಿ ಹೇಳಬೇಕು ಅಂತಿರೋ ಜಾಗ ಇದು.

ಗಾಯಗೊಂಡವನನ್ನ ಯಾರಾದರೂ ಹೊತ್ತು ತರಬೇಕು. ಒಬ್ಬ ಏನಾಗಿದೆ ಅಂತ ಪರೀಕ್ಷೆ ಮಾಡ್ತಾನೆ. ಅವನು ನೋಡೋವರೆಗೂ ಚಿಕಿತ್ಸೆ ಮುಂದಕ್ಕೆ ಹೋಗಲ್ಲ. ಆಮೇಲೆ ಗಾಯ ತೊಳೆಯೋರು, ಶಸ್ತ್ರಚಿಕಿತ್ಸೆ ಮಾಡೋರು, ಹೊಲಿಗೆ ಹಾಕೋರು, ಮೂಳೆ ಕೂರಿಸೋರು, ಪಟ್ಟಿ ಕಟ್ಟೋರು. ಒಬ್ಬನೇ ಎಲ್ಲ ಮಾಡಬಹುದು, ಆದರೆ ಕೌಶಲ ಬೇರೆಬೇರೆ. ಹೊಲಿಗೆಗೆ ನೂಲು ಬೇಕು, ಪಟ್ಟಿಗೆ ಬಟ್ಟೆ ಬೇಕು, ಮುರಿದ ಮೂಳೆಗೆ ಜಿಪ್ಸಮ್‌ನಿಂದ ಮಾಡಿದ ಪ್ಲಾಸ್ಟರ್ ಪುಡಿ ಬೇಕು, ಇಲ್ಲ ಮರದ ದಬ್ಬೆ ಬೇಕು. ಸೋಪು ಇಲ್ಲದಿದ್ರೆ ಗಾಯ ನಂಜಾಗೋ ಅಪಾಯ ಹೆಚ್ಚು. ಆ ಸೋಪು ಎಲ್ಲಿಂದ ಬರತ್ತೆ? ಕಟ್ಟಿಗೆ ಸುಟ್ಟು ಬೂದಿ ಮಾಡಿ, ಬೂದಿಯಿಂದ ಕ್ಷಾರ ತೆಗೆದು, ಅದಕ್ಕೆ ಪ್ರಾಣಿಯ ಕೊಬ್ಬನ್ನೋ ಎಣ್ಣೆಯನ್ನೋ ಸೇರಿಸಿ ಮಾಡಬೇಕು. ಅಂದ್ರೆ ಒಬ್ಬ ಸೈನಿಕ ಬದುಕಬೇಕಾದ್ರೆ ಮರ ಕಡಿಯೋನು, ಕಸಾಯಿ, ನೇಕಾರ ಎಲ್ಲರೂ ಮೊದಲೇ ತಮ್ಮ ಕೆಲಸ ಮಾಡಿರಬೇಕು. ಗಾಯ ಒಬ್ಬನ ಮೈಮೇಲೆ ಆದರೂ ಅದನ್ನ ಹೊರೋದು ಇಡೀ ಊರು.

ನೀರಿನ ವಿಷಯ ಕೇಳಿ. ಡ್ವಾರ್ಫ್‌ಗಳು ಕುಡಿಯೋದು ಮದ್ಯ. ಆರೋಗ್ಯವಾಗಿರೋರಿಗೆ ಪೀಪಾಯಿಗಟ್ಟಲೆ ಬಿಯರ್, ವೈನ್ ಇದ್ರೆ ಸಾಕು, ನೀರಿನ ಯೋಚನೆ ಆಟಗಾರನಿಗೆ ಬರೋದೇ ಇಲ್ಲ. ಆದರೆ ಹಾಸಿಗೆ ಹಿಡಿದವರಿಗೆ ಬೇರೆಯವರು ಬಕೆಟ್‌ನಲ್ಲಿ ತಂದುಕೊಡೋದು ನೀರು ಮಾತ್ರ. ಹೊರಗಿನ ಹೊಳೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ್ರೆ, ಕೋಟೆಯೊಳಗೆ ಬಾವಿ ಇಲ್ಲದಿದ್ರೆ, ಯುದ್ಧದಲ್ಲಿ ಬದುಕಿ ಬಂದವನು ತುಂಬಿದ ಪೀಪಾಯಿಗಳ ನಡುವೆ ಬಾಯಾರಿ ಸಾಯ್ತಾನೆ. ಶತ್ರು ಕೊಲ್ಲಲಿಲ್ಲ. ಮಲಗಿದವನಿಗೆ ಏನು ಬೇಕು ಅಂತ ಯೋಚಿಸದೆ ಕಟ್ಟಿದ ಊರು ಕೊಂದಿತು. ಇಷ್ಟು ಗಟ್ಟಿಯಾದ ಮಾತನ್ನ ಒಂದು ಸಂಭಾಷಣೆಯೂ ಇಲ್ಲದೆ ಹೇಳೋ ಆಟವನ್ನ ನಾನು ಬೇರೆ ನೋಡಿಲ್ಲ.

ಚಿಕಿತ್ಸೆ ಆಯ್ತು ಅಂದುಕೊಳ್ಳಿ. ಮೂಳೆ ಕೂಡತ್ತೆ, ಚರ್ಮ ಕೂಡತ್ತೆ, ಕಲೆ ಉಳಿಯತ್ತೆ. ಆ ಕಲೆ ಅವನ ವಿವರಣೆಯಲ್ಲಿ ಕೊನೆವರೆಗೂ ಇರತ್ತೆ. ನರ ಮಾತ್ರ ಕೂಡಲ್ಲ. ಚಲನೆಯ ನರ ಹೋದ್ರೆ ಕೈ ಇದ್ದೂ ಇಲ್ಲದ ಹಾಗೆ, ಕತ್ತಿ ಹಿಡಿಯೋಕಾಗಲ್ಲ. ಸ್ಪರ್ಶದ ನರ ಹೋದ್ರೆ ಆ ಭಾಗದಲ್ಲಿ ನೋವೇ ಗೊತ್ತಾಗಲ್ಲ. ಕಾಲು ಕಳಕೊಂಡವರಿಗೆ ಊರುಗೋಲು ಕೊಡ್ತಾರೆ. ಊರುಗೋಲು ಹಿಡಿದು ನಡೆಯೋದಕ್ಕೇ ಈ ಆಟದಲ್ಲಿ ಒಂದು ಕೌಶಲ ಇದೆ, ನಡೆದಷ್ಟೂ ಅದು ಬೆಳೆಯತ್ತೆ. ಬಡಗಿತನ, ಕಮ್ಮಾರಿಕೆ, ಕತ್ತಿವರಸೆ, ಇವುಗಳ ಪಟ್ಟಿಯಲ್ಲೇ ಊರುಗೋಲಿನ ನಡಿಗೆಯೂ ಇದೆ. ನನಗೆ ಇದು ತುಂಬಾ ಇಷ್ಟ. ಕಾಲು ಹೋದವನ ಪಾಡು ಅಯ್ಯೋ ಪಾಪ ಅನ್ನೋದಕ್ಕೆ ನಿಂತಿಲ್ಲ. ಅವನು ಹೊಸದೇನನ್ನೋ ಕಲೀತಿದಾನೆ, ಅದು ಕೂಡ ವಿದ್ಯೆ ಅಂತ ಆಟ ಒಪ್ಪಿಕೊಂಡಿದೆ.

ಹಾಗಂತ ಎಲ್ಲ ಆಟಗಾರರೂ ಇದನ್ನ ಗೌರವಿಸ್ತಾರೆ ಅಂತಿಲ್ಲ. ಹಾಸಿಗೆ ಹಿಡಿದವನು ಹೊರೆ, ಅವನನ್ನ ಹೇಗಾದರೂ ಸಾಗಹಾಕಿಬಿಡಿ ಅನ್ನೋ ಸಲಹೆ ನೀವೂ ಕೇಳಿರ್ತೀರ. ಆಟ ಅದನ್ನ ತಡೆಯಲ್ಲ. ಆದರೆ ಅವನ ಹೆಂಡತಿ, ಮಕ್ಕಳು, ಗೆಳೆಯರು ಅವನಿಗಾಗಿ ದುಃಖ ಪಡ್ತಾರೆ, ಆ ನೆನಪು ಅವರಲ್ಲಿ ಉಳಿದು ವರ್ಷಗಟ್ಟಲೆ ಕಾಡತ್ತೆ. ಹೆಲ್ತ್ ಬಾರ್ ಇರೋ ಆಟದಲ್ಲಿ ಇಂಥ ಆಯ್ಕೆಯೇ ನಮ್ಮ ಮುಂದೆ ಬರಲ್ಲ.

ವೇರ್‌ಬೀಸ್ಟ್‌ಗಳ ಕಥೆ ಹೇಳದೆ ಮುಂದೆ ಹೋಗೋಕಾಗಲ್ಲ. ಹುಣ್ಣಿಮೆ ದಿನ ಮೃಗವಾಗಿ ಬದಲಾಗೋ ಜೀವಿ ಕಚ್ಚಿದ್ರೆ ಶಾಪ ಅಂಟತ್ತೆ. ಹಾಗೆ ರೂಪ ಬದಲಾದಾಗ ಹಳೆ ಗಾಯ ಎಲ್ಲ ಮಾಯ, ಕಳಕೊಂಡ ಕೈಕಾಲು ಕೂಡ ವಾಪಸ್. ಅಂದ್ರೆ ಈ ಲೋಕದಲ್ಲಿ ಪೂರ್ತಿ ವಾಸಿ ಅನ್ನೋದು ಇದೆ, ಆದರೆ ಅದು ಮನುಷ್ಯತ್ವ ಬಿಟ್ಟರೆ ಸಿಗೋದು. ತಿಂಗಳಿಗೊಂದು ರಾತ್ರಿ ತನ್ನವರನ್ನೇ ಹರಿದು ತಿನ್ನೋಕೆ ಹೊರಡೋನಿಗೆ ಮಾತ್ರ ಅಖಂಡವಾದ ದೇಹ.

ರಿಮ್‌ವರ್ಲ್ಡ್ ಆಡಿರೋರು ನನ್ನ ಮಾತಿಗೆ ತಕರಾರು ತೆಗೀಬಹುದು. ಡ್ವಾರ್ಫ್ ಫೋರ್ಟ್ರೆಸ್‌ನಿಂದಲೇ ಪ್ರೇರಣೆ ಪಡೆದ ಆಟ ಅದು, ಅಲ್ಲೂ ಅಂಗಾಂಗ, ನಂಜು, ನೋವು ಎಲ್ಲ ಇದೆ. ಮರದ ಕಾಲಿನಿಂದ ಹಿಡಿದು ಯಂತ್ರದ ಕೈವರೆಗೆ ಜೋಡಿಸಬಹುದು. ಒಳ್ಳೆ ಆಟ, ಎರಡು ಮಾತಿಲ್ಲ. ಆದರೆ ಅಲ್ಲಿ ಯಂತ್ರದ ಕೈ ಹುಟ್ಟಿದ ಕೈಗಿಂತ ಚೆನ್ನಾಗಿ ಕೆಲಸ ಮಾಡತ್ತೆ. ಸ್ವಲ್ಪ ದಿನದಲ್ಲಿ ನಾವು ಗಾಯವನ್ನ ಬಿಡಿಭಾಗ ಬದಲಾಯಿಸೋ ಅವಕಾಶ ಅಂತ ನೋಡೋಕೆ ಶುರು ಮಾಡ್ತೀವಿ. ಡ್ವಾರ್ಫ್ ಫೋರ್ಟ್ರೆಸ್‌ನಲ್ಲಿ ಆ ದಾರಿ ಇಲ್ಲ, ಹೋದ ಕೈ ಹೋಯ್ತು.

ಈ ಲೆಕ್ಕಾಚಾರ ಎಡವಿದ್ದೂ ಉಂಟು. 2015ರ ಕೊನೆಯಲ್ಲಿ ಹೆಂಡದಂಗಡಿಗಳನ್ನ ಸೇರಿಸಿದಾಗ ಕೋಟೆಗಳ ಬೆಕ್ಕುಗಳು ಸಾಯೋಕೆ ಶುರುವಾದವು. ಯಾರೂ ಹೊಡೆದಿರಲಿಲ್ಲ. ನೆಲದ ಮೇಲೆ ಚೆಲ್ಲಿದ ಮದ್ಯ ಪಾದಕ್ಕೆ ಅಂಟತ್ತೆ, ಬೆಕ್ಕು ಪಾದ ನೆಕ್ಕಿಕೊಳ್ಳತ್ತೆ, ಆಟ ಅದನ್ನ ಒಂದು ಪೂರ್ತಿ ಲೋಟ ಕುಡಿದ ಹಾಗೆ ಎಣಿಸತ್ತೆ. ಅಷ್ಟು ಸಣ್ಣ ದೇಹ ಅದನ್ನ ತಡಕೊಳ್ಳತ್ತಾ? ಟಾರ್ನ್ ಕಾರಣ ಹುಡುಕಿ ಸರಿಮಾಡಿದರು. ತಪ್ಪಿದ್ದು ಅಳತೆ ಮಾತ್ರ. ಪಾದ, ನಾಲಿಗೆ, ಮೈತೂಕ, ವಿಷ, ಇಷ್ಟನ್ನೂ ಒಂದಕ್ಕೊಂದು ಹೊಂದಿಸಿಟ್ಟಿದ್ದರಿಂದಲೇ ಇಂಥ ತಪ್ಪು ಸಾಧ್ಯವಾಯ್ತು.

ಇನ್ನೊಂದು ವಿಷಯ ಹೇಳಬೇಕು, ಇದು ಆಟದ ಹೊರಗಿನದು. ವರ್ಷಗಟ್ಟಲೆ ಈ ಆಟ ಉಚಿತವಾಗಿತ್ತು, ಅಣ್ಣತಮ್ಮ ಬದುಕಿದ್ದು ಆಟಗಾರರ ದೇಣಿಗೆಯಿಂದ. ಆಮೇಲೆ ಝ್ಯಾಕ್‌ಗೆ ಚರ್ಮದ ಕ್ಯಾನ್ಸರ್ ಬಂತು. ಅಮೆರಿಕದಲ್ಲಿ ಚಿಕಿತ್ಸೆಗೆ ಆಗೋ ಖರ್ಚು, ಮುಂದೆ ಏನಾದರೂ ಆದರೆ ಏನು ಗತಿ ಅನ್ನೋ ಚಿಂತೆ, ಇದೇ ಕಾರಣಕ್ಕೆ ದುಡ್ಡು ಕೊಟ್ಟು ಕೊಳ್ಳೋ ಆವೃತ್ತಿ ತರ್ತೀವಿ ಅಂತ 2019ರಲ್ಲಿ ಅವರೇ ಹೇಳಿಕೊಂಡರು. 2022ರ ಡಿಸೆಂಬರ್ 6ರಂದು ಕಿಟ್‌ಫಾಕ್ಸ್ ಗೇಮ್ಸ್ ಅನ್ನೋ ಪ್ರಕಾಶಕರ ಮೂಲಕ ಅದು ಸ್ಟೀಮ್ ಅನ್ನೋ ಆನ್‌ಲೈನ್ ಆಟದಂಗಡಿಗೆ ಬಂತು, ಜನ ಮುಗಿಬಿದ್ದು ಕೊಂಡರು. ಹಳೆಯ ಉಚಿತ ಆವೃತ್ತಿಯನ್ನೂ ಅವರು ನಿಲ್ಲಿಸಲಿಲ್ಲ. ಖಾಯಿಲೆ ಬಿದ್ದವರನ್ನ ಯಾರು ನೋಡಿಕೊಳ್ತಾರೆ ಅನ್ನೋ ಪ್ರಶ್ನೆ ಈ ಅಣ್ಣತಮ್ಮಂದಿರ ಮನೆಯಲ್ಲೂ ಎದ್ದಿತ್ತು ಅಂತ ಗೊತ್ತಾದ ಮೇಲೆ, ಆಟದ ಆಸ್ಪತ್ರೆಯನ್ನ ನಾನು ಮೊದಲಿನ ಹಾಗೆ ನೋಡೋಕಾಗಿಲ್ಲ.

ಹಾಗಾದ್ರೆ ನನಗೆ ದೂರೇ ಇಲ್ವಾ? ಇದೆ. ಊರುಗೋಲಿಗೆ ಕೌಶಲ ಕೊಟ್ಟವರು ಕೈ ಕಳಕೊಂಡವರನ್ನ ಅಷ್ಟಕ್ಕೇ ಬಿಟ್ಟಿದ್ದಾರೆ. ಬಲಗೈ ಹೋದ ಕಲ್ಲುಕುಟಿಗ ಎಡಗೈಯಲ್ಲಿ ಮೊದಲಿನಿಂದ ಕಲೀಬೇಕು, ಮೊದಮೊದಲು ಅವನ ಕೆತ್ತನೆ ಒರಟಾಗಬೇಕು, ಆಮೇಲೆ ಹದಕ್ಕೆ ಬರಬೇಕು. ಯುದ್ಧಕ್ಕೆ ಆಗದ ಹಳೆ ಸೈನಿಕ ಹೊಸಬರಿಗೆ ಪಾಠ ಹೇಳೋ ಗುರು ಆಗಬೇಕು, ಅದಕ್ಕೆ ಅಂತಲೇ ಕೋಟೆಯಲ್ಲಿ ಒಂದು ಹುದ್ದೆ ಇರಬೇಕು. ನಂಜಾದ ಗಾಯದ ಜೊತೆ ವರ್ಷಗಟ್ಟಲೆ ಹಾಸಿಗೆಯಲ್ಲಿರೋರ ಹತ್ತಿರ ಮನೆಯವರು ಬಂದು ಕೂತು ಮಾತಾಡಬೇಕು. ಚರ್ಮದಡಿಯ ಕೊಬ್ಬಿನ ದಪ್ಪವನ್ನೂ ಬಿಡದೆ ಲೆಕ್ಕ ಹಾಕಿರೋರಿಗೆ ಇದು ಕಷ್ಟದ ಕೆಲಸ ಅಲ್ಲ. ಇವತ್ತಿಗೂ ಅವರು ಈ ಆಟದ ಮೇಲೆ ಕೆಲಸ ಮಾಡ್ತಾನೇ ಇದ್ದಾರೆ, ಮುಂದಿನ ಆವೃತ್ತಿಗಳಲ್ಲಿ ಮೊದಲು ಇದನ್ನೇ ಕೈಗೆತ್ತಿಕೊಳ್ಳಲಿ ಅಂತ ನಾನು ಕೇಳ್ತೀನಿ.