ಕಾಂಡೊರ್ ಹಕ್ಕಿ, ಸೀಸದ ಗುಂಡು ಮತ್ತು ಬೇಟೆಗಾರರ ಅಹವಾಲು

ಕೇಳುಗರಿಗೆ ನಮಸ್ಕಾರ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಎಂಬುದು ಅಪರಾಧದ ಪಟ್ಟಿಗೆ ಸೇರಿಹೋಯಿತು. ಹಾಗಾಗಿ ಬೇಟೆಗಾರರ ಅಹವಾಲನ್ನು ಬಾನುಲಿಯಲ್ಲಿ ಕುಳಿತು ವಿವರಿಸುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಪ್ರತಿವರ್ಷವೂ ಜನ ಸರ್ಕಾರದಿಂದ ಪರವಾನಗಿ ಪಡೆದು ಜಿಂಕೆಯ ಬೇಟೆಗೆ ಹೋಗುತ್ತಾರೆ. ಅದು ಅಲ್ಲಿ ಕಾನೂನುಬದ್ಧವಾದ, ಎಷ್ಟೋ ಮನೆಗಳಲ್ಲಿ ತಲೆಮಾರಿನಿಂದ ನಡೆದುಬಂದಿರುವ ರೂಢಿ. ಆ ಬೇಟೆಗಾರರಿಗೆ ಒಂದು ದಿನ ಸರ್ಕಾರ ಬಂದು, ಬೇಟೆ ಬೇಕಾದರೆ ಆಡಿ, ಆದರೆ ಸೀಸದ ಗುಂಡನ್ನು ಮಾತ್ರ ಬಳಸಬೇಡಿ ಎಂದಿತು. ಅದಕ್ಕೆ ಅವರು ಏನೆಂದರು, ಏಕೆ ಹಾಗೆಂದರು ಎಂಬುದು ಇಂದಿನ ನನ್ನ ಮಾತಿನ ವಿಷಯ.

ಮೊದಲು ಸೀಸದ ಗುಂಡು ಮಾಡುವ ಕೆಲಸವನ್ನು ನೋಡೋಣ. ಅರಿಝೋನಾದ ಕೈಬಾಬ್ ಪ್ರಸ್ಥಭೂಮಿಯಲ್ಲಿ ಒಬ್ಬ ಬೇಟೆಗಾರ ಜಿಂಕೆಯೊಂದನ್ನು ಹೊಡೆದು ಉರುಳಿಸುತ್ತಾನೆ ಎಂದಿಟ್ಟುಕೊಳ್ಳಿ. ಮಾಂಸ ಕೆಡಬಾರದೆಂದು ಅವನು ಅಲ್ಲೇ ಮೊಣಕಾಲೂರಿ, ಹೊಟ್ಟೆ ಸೀಳಿ, ಕರುಳು, ಬೋಟಿ, ಶ್ವಾಸಕೋಶ ಎಲ್ಲವನ್ನೂ ಎಳೆದು ಪೊದೆಯ ಬುಡದಲ್ಲಿ ರಾಶಿ ಹಾಕುತ್ತಾನೆ. ಮೃಗವನ್ನು ಹೊತ್ತು ಗಾಡಿಗೆ ಹಾಕಿಕೊಂಡು ಹೊರಟರೆ ಅವನ ಪಾಲಿಗೆ ಅಂದಿನ ಬೇಟೆ ಮುಗಿಯಿತು. ಆದರೆ ಅವನ ಬಂದೂಕಿನಿಂದ ಹೊರಟ ಗುಂಡಿನ ಒಳಗಿದ್ದದ್ದು ಸೀಸದ ತಿರುಳು, ಹೊರಗೆ ತಾಮ್ರದ ತೆಳು ಹೊದಿಕೆ. ಮೂಳೆಗೋ ಮಾಂಸಖಂಡಕ್ಕೋ ಬಡಿದ ಕೂಡಲೇ ಅದು ಅಣಬೆಯಂತೆ ಅರಳುತ್ತಾ ತನ್ನ ಮೈಯಿಂದ ನೂರಾರು ಚೂರುಗಳನ್ನು ಉದುರಿಸುತ್ತದೆ. ಎಳ್ಳಿಗಿಂತ ಸಣ್ಣವಾದ ಈ ಚೂರುಗಳು ಗಾಯದಿಂದ ಗೇಣುದೂರದವರೆಗೂ ಚದುರಿಕೊಂಡಿರುತ್ತವೆ. ಇಂತಹ ಕಳೇಬರದ ಎಕ್ಸ್-ರೇ ಚಿತ್ರವನ್ನು ನೋಡಿದರೆ, ಕಪ್ಪು ಬಟ್ಟೆಯ ಮೇಲೆ ಯಾರೋ ಅಕ್ಕಿಹಿಟ್ಟು ಚೆಲ್ಲಿದಂತೆ ಬಿಳಿಯ ಚುಕ್ಕೆಗಳು ಕಾಣುತ್ತವೆ. ಕಣ್ಣಿಗೆ ಬೀಳದ, ಕೈಗೆ ಸಿಗದ ಆ ಚುಕ್ಕೆಗಳು ಕರುಳಿನ ರಾಶಿಯಲ್ಲಿಯೂ ಉಳಿದಿರುತ್ತವೆ.

ಆ ರಾಶಿಯ ಮೇಲೆ ಮರುದಿನ ಇಳಿಯುವುದು ಕಾಂಡೊರ್. ರೆಕ್ಕೆ ಬಿಚ್ಚಿದರೆ ಒಂಬತ್ತು ಅಡಿಗೂ ಮೀರುವ ಈ ಹಕ್ಕಿ ಸತ್ತ ಪ್ರಾಣಿಗಳನ್ನು ತಿಂದೇ ಬದುಕುತ್ತದೆ. ಅದರ ಜಠರದ ಪ್ರಬಲ ಆಮ್ಲದಲ್ಲಿ ಸೀಸ ಕರಗಿ ರಕ್ತಕ್ಕೆ ಸೇರುತ್ತದೆ. ನರಗಳು ಸೋತು ಕತ್ತಿನ ಬುಡದಲ್ಲಿರುವ ಆಹಾರದ ಚೀಲ ಕೆಲಸ ನಿಲ್ಲಿಸುತ್ತದೆ. ತಿಂದದ್ದು ಒಳಗಿಳಿಯದೆ, ಚೀಲ ತುಂಬಿರುವಾಗಲೇ ಹಕ್ಕಿ ಹಸಿವಿನಿಂದ ಸಾಯುತ್ತದೆ. 1982ರಲ್ಲಿ ಜಗತ್ತಿನಲ್ಲಿ ಉಳಿದಿದ್ದ ಕ್ಯಾಲಿಫೋರ್ನಿಯಾ ಕಾಂಡೊರ್‌ಗಳು ಕೇವಲ 22. 1987ರಲ್ಲಿ ಕಾಡಿನಲ್ಲಿದ್ದ ಕೊನೆಯ ಹಕ್ಕಿಯನ್ನೂ ಹಿಡಿದು ತಂದಾಗ ಪಂಜರಗಳಲ್ಲಿ ಒಟ್ಟು 27 ಇದ್ದವು. ಅವುಗಳಿಂದ ಮರಿ ಮಾಡಿಸಿ 1992ರಿಂದ ಕ್ಯಾಲಿಫೋರ್ನಿಯಾದಲ್ಲಿಯೂ 1996ರಿಂದ ಅರಿಝೋನಾದಲ್ಲಿಯೂ ಕಾಡಿಗೆ ಬಿಡಲಾಗಿ, ಇಂದು ಪಂಜರದವೂ ಕಾಡಿನವೂ ಸೇರಿ 500ಕ್ಕಿಂತ ಹೆಚ್ಚಿವೆ. ಆದರೆ ಈ ಹಕ್ಕಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಅದೂ ಒಂದೇ ಮೊಟ್ಟೆ ಇಡುವುದರಿಂದ, ಸತ್ತ ಒಂದೊಂದಕ್ಕೂ ಲೆಕ್ಕವಿದೆ. ಕಾಡಿಗೆ ಬಿಟ್ಟ ಹಕ್ಕಿಗಳನ್ನು ಆಗಾಗ ಹಿಡಿದು ರಕ್ತ ಪರೀಕ್ಷಿಸಿ, ಸೀಸ ಹೆಚ್ಚಿದ್ದವುಗಳಿಗೆ ಅದನ್ನು ಹೊರಹಾಕುವ ಔಷಧಿ ಕೊಟ್ಟು ಮತ್ತೆ ಹಾರಿಬಿಡುವ ಕೆಲಸ ಇಂದಿಗೂ ನಿಂತಿಲ್ಲ.

ರಾಮನಗರದ ಬೆಟ್ಟಗಳ ರಣಹದ್ದುಗಳನ್ನು ಬಲ್ಲವರಿಗೆ ಈ ಕಥೆ ಅಪರಿಚಿತವೇನಲ್ಲ. ನಮ್ಮ ದೇಶದ ಹದ್ದುಗಳನ್ನು ಅಳಿಸಿದ್ದು ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ. 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು. ಹಸುವಿನ ಕಾಲುನೋವು ಹೋಗಲೆಂದು ಸೂಜಿ ಹಾಕಿಸಿದ ರೈತನಿಗೆ ತಾನು ಹದ್ದನ್ನು ಕೊಲ್ಲುತ್ತಿದ್ದೇನೆ ಎಂಬ ಅರಿವೇ ಇರಲಿಲ್ಲ. ಅಮೆರಿಕದ ಬೇಟೆಗಾರನ ಸ್ಥಿತಿಯೂ ಬಹುಮಟ್ಟಿಗೆ ಇದೇ. ಈ ಮಾತನ್ನು ಮರೆತು ಅವನನ್ನು ಕಟಕಟೆಗೆ ಎಳೆದದ್ದರಿಂದಲೇ ಜಗಳ ಅಷ್ಟು ಬೆಳೆಯಿತು ಎಂಬುದು ನನ್ನ ಅಭಿಪ್ರಾಯ.

ಜಗಳ ಜೋರಾದದ್ದು ಕ್ಯಾಲಿಫೋರ್ನಿಯಾದಲ್ಲಿ. ಚಲನಚಿತ್ರಗಳಲ್ಲಿ ಬಂದೂಕು ಹಿಡಿದೇ ಹೆಸರಾಗಿದ್ದ ಆರ್ನಾಲ್ಡ್ ಶ್ವಾರ್ಟ್ಸ್‌ನೆಗರ್ ಅಲ್ಲಿನ ರಾಜ್ಯಪಾಲರಾಗಿದ್ದಾಗ, 2007ರಲ್ಲಿ, ಕಾಂಡೊರ್ ಹಾರಾಡುವ ಪ್ರದೇಶದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಸೀಸವನ್ನು ನಿಷೇಧಿಸುವ ಮಸೂದೆಗೆ ಸಹಿ ಬಿತ್ತು. ಅದಕ್ಕೆ ಕೆಲವೇ ವಾರಗಳ ಹಿಂದೆ, ರಾಜ್ಯದ ಬೇಟೆ ಮತ್ತು ಮೀನುಗಾರಿಕೆ ಆಯೋಗದ ಸದಸ್ಯರಾಗಿದ್ದ, ಸ್ವತಃ ಬೇಟೆಗಾರರೂ ಆಗಿದ್ದ ಜಡ್ ಹಾನಾ ಅವರು ಸೀಸದ ವಿರುದ್ಧದ ಅಧ್ಯಯನಗಳನ್ನು ಒಟ್ಟುಗೂಡಿಸಿ ಆಯೋಗದ ಮುಂದಿಟ್ಟ ತಪ್ಪಿಗೆ, ಬಂದೂಕು ಪರವಾದ ಶಾಸಕರ ಒತ್ತಾಯದಿಂದ ರಾಜೀನಾಮೆ ಕೊಡಬೇಕಾಯಿತು. 2013ರಲ್ಲಿ ಇನ್ನೊಂದು ಕಾನೂನು ಬಂದು, 2019ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ಯಾವ ಬೇಟೆಗೂ ಸೀಸ ಬಳಸುವಂತಿಲ್ಲ ಎಂದಾಯಿತು.

ಬೇಟೆಗಾರರು ಎತ್ತಿದ ಆಕ್ಷೇಪಗಳನ್ನು ಬರಿಯ ಹಠವೆಂದು ತಳ್ಳಿಹಾಕುವಂತಿಲ್ಲ. ತಾಮ್ರದ ಗುಂಡಿನ ಬೆಲೆ ಹೆಚ್ಚು, ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ ಎಂಬುದು ಅವರ ಮೊದಲ ದೂರು. ಅದರಲ್ಲೂ ಅಳಿಲು, ಮೊಲ ಹೊಡೆಯುವ ಪಾಯಿಂಟ್ ಇಪ್ಪತ್ತೆರಡರ ಸಣ್ಣ ತೋಟಾಗಳಲ್ಲಿ ಸೀಸವಿಲ್ಲದವು ನಿಜಕ್ಕೂ ದುರ್ಲಭವಾಗಿದ್ದವು. ಎರಡನೆಯದು ಭೌತವಿಜ್ಞಾನದ ಮಾತು. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11 ಗ್ರಾಂ ದಾಟಿದರೆ ತಾಮ್ರದ್ದು 9ರ ಒಳಗೇ ಇದೆ. ಆದ್ದರಿಂದ ಅಷ್ಟೇ ತೂಕದ ತಾಮ್ರದ ಗುಂಡು ಉದ್ದವಾಗಿರಲೇಬೇಕು. ಉದ್ದದ ಗುಂಡು ಗಾಳಿಯಲ್ಲಿ ತಡವರಿಸದೆ ನೇರ ಹೋಗಬೇಕಾದರೆ ನಳಿಗೆಯೊಳಗಿನ ಸುರುಳಿ ಗೀರುಗಳು ಅದನ್ನು ಇನ್ನಷ್ಟು ವೇಗವಾಗಿ ತಿರುಗಿಸಬೇಕು. ಅಜ್ಜನ ಕಾಲದ ಬಂದೂಕಿನ ಗೀರುಗಳು ಸೀಸಕ್ಕೆಂದು ಕೊರೆದವು. ಕೊಡಗಿನ ಐನ್‌ಮನೆಯ ಗೋಡೆಯಲ್ಲಿ ಕೋವಿಯನ್ನು ನೋಡಿ ಬೆಳೆದವರಿಗೆ, ಅಜ್ಜನ ಬಂದೂಕು ಇನ್ನು ಉಪಯೋಗವಿಲ್ಲ ಎಂಬ ಮಾತು ಹೇಗೆ ಚುಚ್ಚುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಾದವೂ ಇತ್ತು: ಹಕ್ಕಿಗೆ ಸೀಸ ಬಂದದ್ದು ಗುಂಡಿನಿಂದಲೇ ಎಂಬುದಕ್ಕೆ ಏನು ಪುರಾವೆ, ಹಳೆಯ ಬಣ್ಣದಿಂದಲೋ ಕಸದಿಂದಲೋ ಏಕೆ ಬಂದಿರಬಾರದು? ವಿಜ್ಞಾನಿಗಳು ಹಕ್ಕಿಗಳ ರಕ್ತದ ಸೀಸದ ಐಸೊಟೋಪುಗಳನ್ನು, ಅಂದರೆ ಸೀಸದ ಮೂಲಕ್ಕೆ ತಕ್ಕಂತೆ ಪ್ರಮಾಣ ಬದಲಾಗುವ ಅದರ ಬೇರೆ ಬೇರೆ ತೂಕದ ಪರಮಾಣುಗಳನ್ನು, ತೋಟಾಗಳ ಸೀಸದೊಡನೆ ತಾಳೆ ನೋಡಿದಾಗ ಹೆಚ್ಚಿನವು ಹೊಂದಿಕೊಂಡವು. ಆದರೆ ಕೆಲವು ಹಕ್ಕಿಗಳ ಮಟ್ಟಿಗೆ, ಕಾಡ್ಗಿಚ್ಚು ಕಾಯುವ ಹಳೆಯ ಗೋಪುರವೊಂದರಿಂದ ಉದುರುತ್ತಿದ್ದ ಸೀಸದ ಬಣ್ಣವೇ ಮೂಲವೆಂದು ಅದೇ ವಿಧಾನದಿಂದ ತಿಳಿಯಿತು. ಬೇಟೆಗಾರರ ವಾದದಲ್ಲಿ ಎಳ್ಳಷ್ಟು ಸತ್ಯವಿತ್ತು. ಅದರ ಮೇಲೆ ಅವರು ಬೆಟ್ಟ ಕಟ್ಟಿದರು, ಅಷ್ಟೆ.

ಇವೆಲ್ಲದರ ಅಡಿಯಲ್ಲಿ ಇದ್ದದ್ದು ಅಪನಂಬಿಕೆ. ಕಾನೂನಿಗಾಗಿ ಓಡಾಡಿದ ಸಂಘಟನೆಗಳಲ್ಲಿ ಬೇಟೆಯನ್ನೇ ಒಪ್ಪದ ಪ್ರಾಣಿದಯಾ ಸಂಸ್ಥೆಯೂ ಇತ್ತು. ಇಂದು ಸೀಸ, ನಾಳೆ ಬಂದೂಕು, ನಾಡಿದ್ದು ಬೇಟೆ ಎಂದು ಬೇಟೆಗಾರರು ಲೆಕ್ಕ ಹಾಕಿದರು. 1937ರ ಒಂದು ಕಾಯ್ದೆಯ ಪ್ರಕಾರ ಅಮೆರಿಕದಲ್ಲಿ ಕೊಳ್ಳುವ ಪ್ರತಿ ರೈಫಲ್, ಪ್ರತಿ ಪೆಟ್ಟಿಗೆ ತೋಟಾದ ಮೇಲೆ ಶೇಕಡ 11ರ ತೆರಿಗೆ ವನ್ಯಜೀವಿಗಳ ಸಂರಕ್ಷಣೆಗೆ ಹೋಗುತ್ತದೆ. ಕಾಡಿಗೆ ದುಡ್ಡು ಕೊಡುವವರು ನಾವು, ಪಾಠ ಹೇಳುವವರು ನಗರದಲ್ಲಿ ಕುಳಿತವರು ಎಂಬ ಸಿಟ್ಟು ಅವರದು. ಕೊನೆಗೆ ಸೀಸದ ಪ್ರಶ್ನೆ ರಾಜಕೀಯದ ಬಾವುಟವಾಯಿತು. 2017ರ ಜನವರಿಯಲ್ಲಿ ಒಬಾಮ ಸರ್ಕಾರ ಹೋಗುವ ಮುನ್ನಾದಿನ ವನ್ಯಜೀವಿ ಇಲಾಖೆಯ ಮುಖ್ಯಸ್ಥರು ತಮ್ಮ ಇಲಾಖೆಯ ಜಮೀನುಗಳಲ್ಲಿ ಸೀಸವನ್ನು ಹಂತಹಂತವಾಗಿ ನಿಲ್ಲಿಸುವ ಆದೇಶ ಹೊರಡಿಸಿದರು. ಮಾರ್ಚ್ 2ರಂದು ಸರ್ಕಾರಿ ಜಮೀನು, ವನ್ಯಜೀವಿಗಳ ಹೊಣೆ ಹೊತ್ತ ಹೊಸ ಆಂತರಿಕ ಸಚಿವ ರಯಾನ್ ಝಿಂಕಿ ಕುದುರೆ ಏರಿ ಕಚೇರಿಗೆ ಬಂದು, ಮೊದಲ ದಿನವೇ ಅದನ್ನು ರದ್ದುಮಾಡಿದರು.

ಅರಿಝೋನಾ ಬೇರೆ ದಾರಿ ಹಿಡಿಯಿತು. ಅಲ್ಲಿ ಕಾನೂನು ಮಾಡಲೇ ಇಲ್ಲ. 2005ರಿಂದ, ಕಾಂಡೊರ್ ಇರುವ ಪ್ರದೇಶದಲ್ಲಿ ಬೇಟೆಯ ಪರವಾನಗಿ ಸಿಕ್ಕವರಿಗೆ ರಾಜ್ಯವೇ ಸೀಸರಹಿತ ತೋಟಾಗಳನ್ನು ಉಚಿತವಾಗಿ ಕೊಡತೊಡಗಿತು. ಸೀಸವನ್ನೇ ಬಳಸುವವರು ಕರುಳಿನ ರಾಶಿಯನ್ನು ಕಾಡಿನಿಂದ ಹೊತ್ತು ತಂದರೂ ಆಯಿತು ಎಂದಿತು. ಉಪದೇಶ ಕಡಿಮೆ, ತೋರಿಸುವುದು ಹೆಚ್ಚು ಎಂಬುದು ಈ ಬಗೆಯ ಕಾರ್ಯಕ್ರಮಗಳ ನೀತಿ. ನೀರು ತುಂಬಿದ ಪೀಪಾಯಿಗೆ ಬೇಟೆಗಾರನ ಎದುರಿಗೇ ಎರಡು ಬಗೆಯ ಗುಂಡನ್ನೂ ಹಾರಿಸುತ್ತಾರೆ. ತಳದಿಂದ ತೆಗೆದ ತಾಮ್ರದ ಗುಂಡು ನಾಲ್ಕು ಎಸಳಿನ ಹೂವಿನಂತೆ ಅರಳಿ, ತೂಕ ಹೆಚ್ಚುಕಡಿಮೆ ಹಾಗೆಯೇ ಉಳಿದಿರುತ್ತದೆ. ಸೀಸದ ಗುಂಡು ಅರ್ಧಮರ್ಧವಾಗಿ, ಜೊತೆಗೆ ಬೂದಿಬಣ್ಣದ ಪುಡಿಯಾಗಿ ಸಿಗುತ್ತದೆ. ತನ್ನ ಮಕ್ಕಳಿಗೆ ಬಡಿಸುವ ಮಾಂಸದಲ್ಲಿಯೂ ಈ ಪುಡಿ ಇರಬಹುದೆಂದು ಹೊಳೆದಾಗ ಬೇಟೆಗಾರನಿಗೆ ವಾದ ಮುಂದುವರಿಸುವ ಉತ್ಸಾಹ ಉಳಿಯುವುದಿಲ್ಲ. ಅರಿಝೋನಾದಲ್ಲಿ ನೂರಕ್ಕೆ ಎಂಬತ್ತರಿಂದ ತೊಂಬತ್ತು ಬೇಟೆಗಾರರು ಸ್ವಇಚ್ಛೆಯಿಂದ ಕೈಜೋಡಿಸಿದರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಕಾಂಡೊರ್‌ಗಳು ಗುಂಪಾಗಿ ಉಣ್ಣುವ ಹಕ್ಕಿಗಳು. ಒಂಬತ್ತು ಜನ ತಾಮ್ರ ಬಳಸಿ ಹತ್ತನೆಯವನು ಸೀಸ ಬಳಸಿದರೂ ಆ ಒಂದೇ ರಾಶಿಗೆ ಹತ್ತು ಹಕ್ಕಿಗಳು ಮುತ್ತಬಹುದು. ರಾಜ್ಯದ ಗಡಿಯೂ ಅವಕ್ಕೆ ತಿಳಿಯದು. ಅರಿಝೋನಾ ಮತ್ತು ಯೂಟಾದ ಹಕ್ಕಿಗಳಲ್ಲಿ, ಕಾರಣ ಪತ್ತೆಯಾದ ಸಾವುಗಳ ಪೈಕಿ ಸುಮಾರು ಅರ್ಧ ಸೀಸದಿಂದಲೇ ಆದವು. ಸ್ವಇಚ್ಛೆಯನ್ನು ನಂಬಿ ಕೆಟ್ಟವರೂ ಇದ್ದಾರೆ. ಬ್ರಿಟನ್ನಿನಲ್ಲಿ 2020ರ ಫೆಬ್ರವರಿಯಲ್ಲಿ ಒಂಬತ್ತು ಬೇಟೆ ಸಂಘಗಳು ಸೇರಿ ಐದು ವರ್ಷದಲ್ಲಿ ಸೀಸದ ಚರೆಗಳನ್ನು ಬಿಡುತ್ತೇವೆಂದು ಘೋಷಿಸಿದವು. ಮೊದಲ ಋತುವಿನಲ್ಲಿ ಮಾರುಕಟ್ಟೆಯ ಫೆಸೆಂಟ್ ಹಕ್ಕಿಗಳನ್ನು ಕೊಂಡು ಪರೀಕ್ಷಿಸಿದಾಗ, ಚರೆ ಸಿಕ್ಕ 180ರಲ್ಲಿ 179ಕ್ಕೆ ಸೀಸವೇ ಬಡಿದಿತ್ತು. ಐದು ವರ್ಷ ಕಳೆದರೂ ಹೇಳಿಕೊಳ್ಳುವಂತಹ ಬದಲಾವಣೆ ಆಗಲಿಲ್ಲ. 2025ರಲ್ಲಿ ಸರ್ಕಾರ ಕಾನೂನಿನ ನಿಷೇಧವನ್ನೇ ಪ್ರಕಟಿಸಿತು. ಅತ್ತ ಡೆನ್ಮಾರ್ಕ್ 1996ರಲ್ಲೇ ಸೀಸದ ಚರೆಗಳನ್ನು ಪೂರ್ತಿ ನಿಲ್ಲಿಸಿ, 2024ರ ಏಪ್ರಿಲ್ 1ರಿಂದ ರೈಫಲಿನ ಸೀಸದ ಗುಂಡನ್ನೂ ನಿಷೇಧಿಸಿತು. ಅಲ್ಲಿ ಬೇಟೆ ಇಂದಿಗೂ ನಡೆದಿದೆ.

ಅಮೆರಿಕದಲ್ಲೇ ಹಳೆಯದೊಂದು ಉದಾಹರಣೆಯಿತ್ತು. 1991ರಲ್ಲಿ ನೀರುಹಕ್ಕಿಗಳ ಬೇಟೆಗೆ ದೇಶದಾದ್ಯಂತ ಸೀಸದ ಚರೆಗಳನ್ನು ನಿಷೇಧಿಸಿದಾಗಲೂ, ಉಕ್ಕಿನ ಚರೆ ಬಾತನ್ನು ಕೊಲ್ಲದೆ ಗಾಯಗೊಳಿಸಿ ಬಿಡುತ್ತದೆ, ನಳಿಗೆಯನ್ನು ಹಾಳುಮಾಡುತ್ತದೆ ಎಂದು ಇದೇ ದನಿಯಲ್ಲಿ ಕೂಗೆದ್ದಿತ್ತು. ಅದೇ ದಶಕದ ಕೊನೆಯ ಹೊತ್ತಿಗೆ ಮಿಸಿಸಿಪ್ಪಿ ವಲಸೆ ಮಾರ್ಗದ ಮಲ್ಲಾರ್ಡ್ ಬಾತುಗಳಲ್ಲಿ ಸೀಸದ ವಿಷದ ಸಾವು ಶೇಕಡ 64ರಷ್ಟು ಇಳಿದಿದೆ ಎಂದು ಸಂಶೋಧಕರು ಅಂದಾಜು ಮಾಡಿದರು. ಅಲ್ಲಿನ ಬಾತುಬೇಟೆಗಾರರ ಹೊಸ ಪೀಳಿಗೆಗೆ ಉಕ್ಕಿನ ಚರೆಯೇ ರೂಢಿ.

ಉತ್ತರ ಕ್ಯಾಲಿಫೋರ್ನಿಯಾದ ಯುರೋಕ್ ಬುಡಕಟ್ಟಿನ ಜನ, ತಮ್ಮ ನೆಲದಿಂದ ಶತಮಾನದ ಹಿಂದೆ ಮರೆಯಾಗಿದ್ದ ಕಾಂಡೊರನ್ನು 2022ರ ಮೇ ತಿಂಗಳಲ್ಲಿ ಮತ್ತೆ ಹಾರಿಸಿದರು. ಅವರ ಪ್ರಾರ್ಥನೆಗಳಲ್ಲಿ, ನೃತ್ಯದ ಉಡುಗೆಯ ಗರಿಗಳಲ್ಲಿ ಆ ಹಕ್ಕಿ ಇದೆ; ಅವರಲ್ಲಿ ಬೇಟೆಗಾರರೂ ಇದ್ದಾರೆ. ಹಕ್ಕಿಯನ್ನು ಬಿಡುವ ಎಷ್ಟೋ ವರ್ಷ ಮೊದಲೇ ಅವರು ಸುತ್ತಲಿನ ಬೇಟೆಗಾರರ ಬಳಿಗೆ ಹೋಗಿ, ತಾವೂ ಬೇಟೆಗಾರರಾಗಿಯೇ ತಾಮ್ರದ ಗುಂಡಿನ ಮಾತನ್ನಾಡಿದ್ದರು. ಆದರೂ 2025ರ ಆರಂಭದಲ್ಲಿ ಅವರ ಹಿಂಡಿನಲ್ಲಿ ಮೊದಲ ಸಾವಾಯಿತು. ಎಳೆಯ ಹಕ್ಕಿಯೊಂದು ಸೀಸದ ವಿಷದಿಂದ ಸತ್ತಿತ್ತು, ಮತ್ತು ಅದರ ಹೊಟ್ಟೆಯಲ್ಲಿ ಸಿಕ್ಕಿದ್ದು ಜಿಂಕೆ ಹೊಡೆಯುವ ರೈಫಲಿನ ಗುಂಡಲ್ಲ, ಏರ್‌ಗನ್ನಿನ ಒಂದು ಪುಟ್ಟ ಚರೆ.

ನಮಸ್ಕಾರ.